ಸಹಿ ಹಾಕಲು ಮನೆಯವರೊಬ್ಬರು

ಜನವರಿ 12

ಗಿರಣಿಗೆ,

ಇಷ್ಟು ದೊಡ್ಡವಳಾದರೂ ಗಿರಣಿ ಎನ್ನುತ್ತಾಳಲ್ಲ ಎಂದು ಮೂಗು ಮುರಿಯಬೇಡ. ಚಿಕ್ಕವಳಿದ್ದಾಗ ನಿನ್ನ ಬಾಯಿ ಒಂದು ಗಳಿಗೆ ನಿಂತಿದ್ದರೆ ಬೇರೆ ಹೆಸರಿಡುತ್ತಿದ್ದೆ. ಈಗ ಫೋನಿನಲ್ಲಿ ‘ಹ್ಞೂಂ, ಊಟ ಆಯ್ತು, ಮಲಗ್ತೀನಿ’ ಇಷ್ಟಕ್ಕೇ ಗಿರಣಿ ಬಂದ್ ಆಗುತ್ತದೆ. ಅದಕ್ಕೇ ನಮ್ಮ ಒಪ್ಪಂದ ಒಳ್ಳೆಯದಾಯಿತು. ಸ್ಕೂಟರಿನ ಸಾಲದ ವಿಷಯಕ್ಕೆ ಫೋನಿನಲ್ಲಿ ಕಿತ್ತಾಡಿ, ವಾರಗಟ್ಟಲೆ ಮಾತು ಬಿಟ್ಟ ಮೇಲೆ ನೀನೇ ತಾನೆ ಹೇಳಿದ್ದು, ದುಡ್ಡಿನ ಮಾತೆಲ್ಲ ಕಾಗದದಲ್ಲಿ, ಉಳಿದದ್ದು ಫೋನಿನಲ್ಲಿ ಎಂದು. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಇದು ದುಡ್ಡಿನ ಕಾಗದ. ಈ ವರ್ಷ ನನ್ನ ಕಾಗದಪತ್ರಗಳನ್ನೆಲ್ಲ ಒಂದು ದಾರಿಗೆ ತರಬೇಕು ಎಂದುಕೊಂಡಿದ್ದೇನೆ. ಬ್ಯಾಂಕು, ವಿಮೆ, ಅಂಗಡಿ, ಅಂಗಡಿಯ ಮೇಲಿನ ಮನೆ. ಎಲ್ಲದರಲ್ಲೂ ನನ್ನ ನಂತರ ಯಾರು ಎನ್ನುವ ಜಾಗದಲ್ಲಿ ನಿನ್ನ ಹೆಸರು ಸರಿಯಾಗಿದೆಯೇ ನೋಡಬೇಕು. ನಿಮ್ಮಪ್ಪ ಮದುವೆಗೆ ಮುಂಚೆ ಮಾಡಿಸಿದ ವಿಮೆಯಲ್ಲಿ ನಿಮ್ಮ ದೊಡ್ಡಪ್ಪನ ಹೆಸರೇ ಉಳಿದುಹೋಗಿ, ಅಪ್ಪ ತೀರಿಕೊಂಡ ಮೇಲೆ ಆ ದುಡ್ಡು ದೊಡ್ಡಪ್ಪನ ಕೈ ಸೇರಿದ್ದು ನಿನಗೆ ಗೊತ್ತು. ಕೇಳಲು ಹೋದರೆ ‘ನನ್ನ ತಮ್ಮ ನನಗೆ ಅಂತ ಬರೆಸಿದ್ದು’ ಎಂದರು. ನಿಮ್ಮಪ್ಪ ಕೆಟ್ಟವರಲ್ಲ. ನಾಳೆ ಬದಲಾಯಿಸಿದರಾಯಿತು ಎನ್ನುವವರು, ಅಷ್ಟೇ. ನಾನು ಹಾಗೆ ಮಾಡುವವಳಲ್ಲ. ನಿನ್ನ ಗುರುತಿನ ಚೀಟಿಯ ಪ್ರತಿ ಕಳಿಸು.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಹೊಸ ಕನ್ನಡಕ ಮೂಗಿನ ಮೇಲೆ ಕೂತ ತಕ್ಷಣ ಎಲ್ಲರೂ ಮೊದಲು ನೋಡುವುದು ಕನ್ನಡಿಯನ್ನು. ಬೋರ್ಡಿನ ಅಕ್ಷರ ಕಾಣಿಸುತ್ತದೆಯೋ ಇಲ್ಲವೋ ಅದು ಆಮೇಲಿನ ಮಾತು. ಪಕ್ಕದ ಬೀಗ, ಕೀಲಿ ರಿಪೇರಿ ಅಂಗಡಿಯವರು, ಅದೇ ನಿನ್ನ ಬೀಗದ ಮಾಮ, ನಿನ್ನನ್ನು ಕೇಳಿದರು. ನನ್ನ ಶಟರ್ ಮತ್ತೆ ಸಿಕ್ಕಿಹಾಕಿಕೊಂಡಿತ್ತು, ಅವರೇ ಸರಿ ಮಾಡಿಕೊಟ್ಟರು. ಕಾಸು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಇನ್ನೊಂದು ವಿಷಯ ಇದೆ. ಅದು ಫೋನಿನದು. ಭಾನುವಾರ ಹೇಳುತ್ತೇನೆ.

ಅಮ್ಮ

ಜನವರಿ 25

ಅಮ್ಮಾ,

ಗುರುತಿನ ಚೀಟಿಯ ಪ್ರತಿ ಇದರ ಜೊತೆಗಿದೆ. ಫೋಟೋದಲ್ಲಿ ನಾನು ಕಳ್ಳಿಯ ಹಾಗೆ ಕಾಣುತ್ತೇನೆ, ಬೀಗದ ಮಾಮನಿಗೆ ತೋರಿಸಬೇಡ.

ನನ್ನ ಕಡೆಯ ವರದಿ. ಬಾಡಿಗೆ, ಊಟ, ಸ್ಕೂಟರಿನ ಕಂತು ಕಳೆದು ಉಳಿದದ್ದನ್ನು ಎರಡು ಕಡೆ ಇಡುತ್ತಿದ್ದೇನೆ. ಒಂದು ಆಪತ್ತಿಗೆ, ಒಂದು ಕೋರ್ಸಿಗೆ. ನೀನು ಕಲಿಸಿದ್ದೇ. ನಮ್ಮ ಕೆಲಸದಲ್ಲೂ ಹೀಗೇ ಇದೆ. ಲಿಫ್ಟನ್ನು ಎತ್ತಲು ಒಂದು ಉಕ್ಕಿನ ಹಗ್ಗವೇ ಸಾಕು, ಆದರೂ ಅದರ ಪಕ್ಕ ಇನ್ನಷ್ಟು ಹಾಕಿರುತ್ತಾರೆ. ಮೊನ್ನೆ ರಿಪೇರಿ ಮುಗಿಸಿ ಬಾಗಿಲು ತೆರೆದರೆ ಒಬ್ಬರು ಅಜ್ಜಿ ಒಳಗೆ ಬಂದು ನಿಂತು, ‘ಹಗ್ಗ ತುಂಡಾದ್ರೆ ಏನಮ್ಮಾ ಗತಿ?’ ಎಂದರು. ‘ಇನ್ನೊಂದಿದೆ ಅಜ್ಜಿ’ ಎಂದೆ. ‘ಅದೂ ತುಂಡಾದ್ರೆ?’ ‘ಅದರ ಪಕ್ಕ ಮತ್ತೊಂದಿದೆ.’ ಅಜ್ಜಿ ಹೊರಗೆ ಬಂದು ಮೆಟ್ಟಿಲಲ್ಲೇ ಇಳಿದು ಹೋದರು.

ಒಳ್ಳೆಯ ಸುದ್ದಿ ಏನೆಂದರೆ ಲಿಫ್ಟ್ ತಪಾಸಣೆಯ ಕೋರ್ಸಿನಲ್ಲಿ ಸೀಟು ಸಿಕ್ಕಿದೆ. ಮಾರ್ಚ್ ಮುಗಿಯುವುದರೊಳಗೆ ಫೀಸು ಕಟ್ಟಬೇಕು, ಜೂನಿನಲ್ಲಿ ಶುರು. ಈಗ ನಾನು ಗ್ರೀಸು ಮೆತ್ತಿಕೊಂಡು ರಿಪೇರಿ ಮಾಡುವವಳು. ಅದು ಮುಗಿಸಿದರೆ ಲಿಫ್ಟ್ ಓಡಬಹುದೋ ಇಲ್ಲವೋ ಎಂದು ನೋಡಿ ಸಹಿ ಹಾಕುವವಳು. ಕೋರ್ಸಿನ ಎಫ್‌ಡಿ ಅಷ್ಟು ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ.

ಭಾನುವಾರ ‘ಏನೋ ಹೇಳ್ಬೇಕು ಅಂದಿದ್ದೆಯಲ್ಲ’ ಎಂದು ನಾನು ಕೇಳಿದರೆ ‘ಏನಿಲ್ಲ ಬಿಡು, ಕುಕ್ಕರ್ ಕೂಗ್ತಿದೆ’ ಎಂದು ಇಟ್ಟುಬಿಟ್ಟೆ. ನನಗೇನೂ ಕೂಗಿದ್ದು ಕೇಳಿಸಲಿಲ್ಲ. ಎಲ್ಲ ಸರಿಯಾಗಿದೆ ತಾನೆ?

ಗಿರಣಿ

ಫೆಬ್ರವರಿ 10

ಮಗಳೇ,

ಸೀಟು ಸಿಕ್ಕಿದ್ದು ಓದಿ ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಒಬ್ಬರು ಚೌಕಾಸಿ ಮಾಡುತ್ತಿದ್ದವರು ನನ್ನ ಸಂತೋಷ ನೋಡಿ ಇನ್ನಷ್ಟು ಕಡಿಮೆ ಮಾಡಿಸಿಕೊಂಡು ಹೋದರು.

ಈಗ ನನ್ನ ವಿಷಯ. ಅಂಗಡಿ ಮತ್ತು ಮೇಲಿನ ಮನೆ ಎರಡನ್ನೂ ಈಗಲೇ ನಿನ್ನ ಹೆಸರಿಗೆ ಬರೆದುಬಿಡೋಣ ಎಂದುಕೊಂಡಿದ್ದೇನೆ. ಆಮೇಲೆ ಮಾಡಿದರೆ ತಕರಾರು ಬರಬಹುದು, ಆಮೇಲೆ ಯಾರು ಏನೆನ್ನುತ್ತಾರೋ ಯಾರು ಕಂಡವರು. ಮೊದಲೇ ಮುಗಿಸಿಬಿಟ್ಟರೆ ನನಗೂ ನಿರಾಳ. ಹೊಸದಾಗಿ ಒಂದು ಆರೋಗ್ಯ ವಿಮೆಗೂ ಅರ್ಜಿ ಹಾಕಿದ್ದೆ, ಅವರು ರಕ್ತ, ಎದೆ, ಸಕ್ಕರೆ ಎಲ್ಲ ಪರೀಕ್ಷೆ ಮಾಡಿಸಿದರು.

ಇದನ್ನೆಲ್ಲ ಏಕೆ ಮಾಡುತ್ತಿದ್ದಾಳೆ ಎಂದು ನೀನು ಕೇಳುತ್ತೀಯೆ. ಫೋನಿನಲ್ಲಿ ಹೇಳೋಣ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ, ನಿನ್ನ ದನಿ ಕೇಳಿದ ಕೂಡಲೇ ಮಾತು ಬದಲಾಯಿಸಿಬಿಡುತ್ತೇನೆ. ಈ ವಯಸ್ಸಿನಲ್ಲಿ ನನಗೆ ಹೀಗಾಗುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಸರಿಯಾಗಿ ನಿದ್ದೆ ಇಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೆ ಸಾಕೆನಿಸುತ್ತದೆ. ನೀನು ಗಾಬರಿಯಾಗಬೇಡ, ಎಲ್ಲರ ಬದುಕಿನಲ್ಲೂ ಏನಾದರೊಂದು ಬರುತ್ತದೆ.

ಅಮ್ಮ

ಫೆಬ್ರವರಿ 19

ಅಮ್ಮಾ,

ನಿನ್ನ ಕಾಗದವನ್ನು ಲಿಫ್ಟಿನ ಯಂತ್ರದ ಕೋಣೆಯಲ್ಲಿ ಕೂತು ಓದಿದೆ. ಮುಗಿಸಿ, ಕೆಳಗಿಳಿಯದೆ ಮತ್ತೆ ಮೊದಲಿನಿಂದ ಓದಿದೆ. ಜೊತೆಯವರು ‘ಏನಾಯ್ತು?’ ಎಂದರು, ತಲೆನೋವು ಎಂದೆ.

ಏನು ಎಂದು ನಾನು ಕೇಳುವುದಿಲ್ಲ. ಅಪ್ಪನ ಸಮಯದಲ್ಲೂ ಯಾರಾದರೂ ಏನಂತೆ ಎಂದು ಕೇಳಿದರೆ ನೀನು ಎದ್ದು ಒಳಗೆ ಹೋಗುತ್ತಿದ್ದೆ. ಅದು ನನಗೆ ನೆನಪಿದೆ. ನೀನು ಅದರ ಹೆಸರು ಹೇಳಬೇಕಾಗಿಲ್ಲ. ನನಗೆ ಗೊತ್ತಾಯಿತು, ಅಷ್ಟು ಸಾಕು.

ಒಂದೇ ಕೇಳುತ್ತೇನೆ. ಬೀಗದ ಮಾಮನಿಗೆ ಗೊತ್ತಿದೆಯಾ? ನಾನು ಇಷ್ಟು ದೂರ ಇದ್ದೇನೆ, ಅವರಾದರೂ ನಿನ್ನ ಜೊತೆಗಿರಲಿ.

ಮಗಳು

ಮಾರ್ಚ್ 2

ನನ್ನ ಬಂಗಾರ,

ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ನನ್ನ ಬಾಯಿಂದ ಹೊರಡದ ಮಾತನ್ನು ನೀನೇ ಹಿಡಿದುಬಿಟ್ಟೆ. ಹೆತ್ತದ್ದಕ್ಕೂ ಸಾರ್ಥಕ. ಬೀಗದವರಿಗೆ ಗೊತ್ತಿದೆಯಾ ಎಂದು ಬೇರೆ ಕೇಳುತ್ತೀಯಲ್ಲ, ಕಾಲೆಳೆಯುವ ಬುದ್ಧಿ ಎಲ್ಲಿ ಹೋಗುತ್ತದೆ ನಿನ್ನದು. ಅವರಿಗೆ ಗೊತ್ತಿಲ್ಲದೆ ಇದು ಇಲ್ಲಿಯವರೆಗೆ ಬರುತ್ತಿತ್ತೇ? ಎಲ್ಲ ಕಚೇರಿಗೂ ಅವರೇ ಓಡಾಡಿದ್ದು.

ಏಪ್ರಿಲ್ 18ಕ್ಕೆ ಗೊತ್ತಾಗಿದೆ. ಅರ್ಧ ದಿನದ ಕೆಲಸ. ಮನೆಯವರು ಒಬ್ಬರು ಬಂದು ಸಹಿ ಹಾಕಬೇಕು. ನನಗೆ ಮನೆಯವರು ಅಂತ ಇರುವುದು ನೀನೊಬ್ಬಳು. ಬರುತ್ತೀಯಾ?

ಆದರೆ ಒಂದು ಮಾತು. ನಿನಗೆ ಒಪ್ಪಿಗೆ ಇಲ್ಲದಿದ್ದರೆ ಈಗಲೇ ಹೇಳಿಬಿಡು. ನೀನು ಬೇಡ ಎಂದರೆ ನಾನು ಮಾಡಿಸಿಕೊಳ್ಳುವುದಿಲ್ಲ. ಹೀಗೇ ಇದ್ದುಬಿಡುತ್ತೇನೆ, ಇಷ್ಟು ವರ್ಷ ಇರಲಿಲ್ಲವೇ. ದಿನ ಹೇಗೋ ಕಳೆಯುತ್ತದೆ. ನಿಜವಾಗಿ ಹೇಳುತ್ತಿದ್ದೇನೆ, ನಿನ್ನ ಒಂದು ಮಾತಿನ ಮೇಲೆ ನಿಂತಿದೆ.

ಅಮ್ಮ

ಮಾರ್ಚ್ 9

ಅಮ್ಮಾ,

ಹೀಗೇ ಇದ್ದುಬಿಡುತ್ತೇನೆ ಎನ್ನುವ ಮಾತು ಇನ್ನೊಂದು ಸಲ ಬರೆಯಬೇಡ. ಬೇಡ ಎನ್ನಲು ನನಗೆ ತಲೆ ಕೆಟ್ಟಿದೆಯೇ? ನನ್ನ ಒಪ್ಪಿಗೆ ಇದೆ. ಎಲ್ಲಿ ಹೇಳಿದರೆ ಅಲ್ಲಿ ಸಹಿ ಹಾಕುತ್ತೇನೆ. ಖರ್ಚಿನ ಚಿಂತೆ ನಿನಗೆ ಬೇಡ, ನಾನು ತರುತ್ತೇನೆ.

ಜನ ಏನೆನ್ನುತ್ತಾರೆ, ಮನೆ ಯಾರ ಹೆಸರಿನಲ್ಲಿರಬೇಕು, ಅದೆಲ್ಲ ಆಮೇಲೆ. ನನಗೆ ಬೇರೆ ಏನೂ ಬೇಕಾಗಿಲ್ಲ. ನೀನು ಬದುಕಬೇಕು, ಅಮ್ಮ.

ಮಗಳು

ಮಾರ್ಚ್ 17

ಮಗಳೇ,

ಕಾಗದ ಬಂತು. ಕೊನೆಯ ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಂಗಡಿಯಲ್ಲಿ ದೂರದ್ದು ಓದಿಸುವ ಬೋರ್ಡು ಇದೆಯಲ್ಲ, ಅದರ ಪಕ್ಕದಲ್ಲಿ ಅಂಟಿಸಿಕೊಳ್ಳಬೇಕು ಎನಿಸಿತು. ನಿಮ್ಮಪ್ಪ ಹೋದ ಮೇಲೆ ‘ಮಗಳಿಗೋಸ್ಕರ ಇರ್ಬೇಕಮ್ಮ’ ಎಂದವರು ಬಹಳ ಜನ. ನೀನು ಬದುಕಬೇಕು ಎಂದು ಯಾರೂ ಹೇಳಿರಲಿಲ್ಲ. ಇನ್ನು ನನಗೆ ಯಾರ ಹೆದರಿಕೆಯೂ ಇಲ್ಲ.

ದುಡ್ಡು ತರಬೇಡ. ಒಳ್ಳೆಯ ಬಟ್ಟೆ ತಂದುಕೋ.

ಅಮ್ಮ

ಏಪ್ರಿಲ್ 20

ಮಗಳೇ,

ಫೋನು ಎತ್ತುತ್ತಿಲ್ಲ. ಸರಿ, ಬರೆಯುತ್ತೇನೆ. ಇದು ದುಡ್ಡಿನ ಮಾತೋ ಫೋನಿನ ಮಾತೋ ಈಗ ನನಗೇ ತಿಳಿಯುತ್ತಿಲ್ಲ.

ನೀನು ಬಸ್ಸಿಳಿದು ಅಂಗಡಿಯ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕೈಯಲ್ಲಿ ಫ್ಲಾಸ್ಕು, ಬಗಲಲ್ಲಿ ಹೊದಿಕೆ, ಚೀಲದಿಂದ ರಬ್ಬರ್ ಚಪ್ಪಲಿ ಇಣುಕುತ್ತಿತ್ತು. ಇಲ್ಲಿ ನಾನು ಹೊಸ ಬಟ್ಟೆ ತೊಟ್ಟು, ಬೀಗದವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಇಬ್ಬರೂ ಫೋಟೋ ತೆಗೆಸಲು ಕೂತ ಹಾಗೆ ಕೂತಿದ್ದೆವು.

‘ಇಷ್ಟೆಲ್ಲ ಅಲಂಕಾರ ಮಾಡ್ಕೊಂಡು ಹೋಗ್ತಾರಾ ಅಮ್ಮಾ? ಅಲ್ಲಿ ಎಲ್ಲಾ ಬಿಚ್ಚಿಸಿ ಹಸಿರು ಗೌನ್ ಹಾಕಿಸ್ತಾರೆ’ ಎಂದೆ ನೀನು.

‘ಯಾರು ಹಾಕಿಸ್ತಾರೆ?’ ಎಂದೆ ನಾನು.

‘ಆಸ್ಪತ್ರೆಯವರು.’

ಬೀಗದವರು ಒಮ್ಮೆ ನನ್ನ ಮುಖ, ಒಮ್ಮೆ ನಿನ್ನ ಮುಖ ನೋಡಿ, ‘ನಾವು ಹೋಗ್ತಿರೋದು ಮದುವೆ ನೋಂದಣಿಗಲ್ವಾ?’ ಎಂದರು, ಪಾಪ.

ನೀನು ನಕ್ಕಿದ್ದರೆ ನಾನೂ ನಗುತ್ತಿದ್ದೆ. ನೀನು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟೆ, ಆಮೇಲೆ ಸಿಟ್ಟಾದೆ, ಕೊನೆಗೆ ‘ಸರಿ, ಎಲ್ಲಿ ಸಹಿ ಹಾಕ್ಬೇಕು ತೋರಿಸು, ಹಾಕಿ ಹೋಗ್ತೀನಿ’ ಎಂದೆ. ಅದು ಸಹಿ ಹಾಕುವ ಮುಖವಾಗಿರಲಿಲ್ಲ. ಅದಕ್ಕೇ ನಾನು ಇವತ್ತು ಬೇಡ ಎಂದದ್ದು. ಬೀಗದವರು ತಮ್ಮ ಅಂಗಡಿಗೆ ಹೋಗಿ ಶಟರ್ ಎತ್ತಿದರು. ನೀನು ಊಟ ಕೂಡ ಮಾಡದೆ ಸಂಜೆಯ ಬಸ್ಸು ಹತ್ತಿದೆ.

ನನ್ನದು ತಪ್ಪು. ಬಾಯಿಬಿಟ್ಟು ಒಂದು ಮಾತು ಹೇಳಬೇಕಿತ್ತು. ಮನೆ ನಿನ್ನ ಹೆಸರಿಗೆ ಆಗಲಿ, ವಿಮೆ ಸರಿಯಾಗಲಿ, ನಿನ್ನ ಪಾಲಿಗೆ ಯಾರ ಕೈಯೂ ಬರುವುದಿಲ್ಲ ಎನ್ನುವುದು ಗಟ್ಟಿಯಾಗಲಿ, ಆಮೇಲೆ ಹೇಳಿದರೆ ನಿನಗೆ ಬೇಡ ಎನ್ನಲು ಕಾರಣ ಇರುವುದಿಲ್ಲ ಎಂದುಕೊಂಡೆ.

ಈಗ ನೇರವಾಗಿ ಕೇಳುತ್ತೇನೆ. ಆ ಸಾಲನ್ನು ನೀನು ಕಾಯಿಲೆಯವಳಿಗೆ ಬರೆದದ್ದು. ನಾನು ಅದನ್ನೇ ಒಪ್ಪಿಗೆ ಎಂದು ತಿಳಿದು ದಿನ ಗೊತ್ತುಮಾಡಿಕೊಂಡು ಕೂತಿದ್ದೆ. ಗೊತ್ತಿದ್ದಿದ್ದರೆ ಅದನ್ನು ಬರೆಯುತ್ತಿದ್ದೆಯಾ? ಇಲ್ಲ ಎಂದರೆ ಇಲ್ಲ ಎನ್ನು. ನಾನು ಅವರಿಗೆ ಹೇಳುತ್ತೇನೆ, ಅವರು ಅರ್ಥ ಮಾಡಿಕೊಳ್ಳುವವರು.

ಅಂಗಡಿ ಮತ್ತು ಮನೆಯ ದಾನಪತ್ರ ಬರೆಸಿ, ನೀನು ಹೊರಡುವ ಮುಂಚೆ ನಿನ್ನ ಚೀಲದಲ್ಲಿಟ್ಟಿದ್ದೆ. ಮದುವೆ ಆಗಲಿ ಬಿಡಲಿ, ಅದು ನಿನ್ನದೇ. ನೋಡಿ ಸಹಿ ಹಾಕಿ ಕಳಿಸು.

ಅಮ್ಮ

ಮೇ 6

ಅಮ್ಮಾ,

ತಡವಾಯಿತು. ಮೊದಲು ಬರೆದದ್ದನ್ನೆಲ್ಲ ಹರಿದು ಹಾಕಿದೆ.

ನನಗೆ ಸಿಟ್ಟು ಬಂದಿದೆ. ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕಾಗದದ ಮೇಲೆ ಕಾಗದ ಬರೆದೆ. ನಾನು ಇಲ್ಲಿ ಇಂಟರ್ನೆಟ್ಟಿನಲ್ಲಿ ನಿನ್ನ ಕಾಯಿಲೆ ಯಾವುದಿರಬಹುದು ಎಂದು ಹುಡುಕುತ್ತಾ ಕೂತಿದ್ದೆ. ಊಟ ಸೇರುವುದಿಲ್ಲ, ನಿದ್ದೆ ಇಲ್ಲ ಎಂದರೆ ಅದು ಪ್ರೀತಿ ಎಂದು ಹೆತ್ತ ತಾಯಿಯ ವಿಷಯದಲ್ಲಿ ಯಾರಿಗೆ ಹೊಳೆಯುತ್ತದೆ?

ನಾನೂ ಹೇಳದೆ ಇಟ್ಟುಕೊಂಡದ್ದು ಒಂದಿದೆ. ಕೋರ್ಸಿನ ಫೀಸು ಕಟ್ಟಲಿಲ್ಲ. ಆ ಎಫ್‌ಡಿಯ ದುಡ್ಡು, ಆಪತ್ತಿನ ದುಡ್ಡು ಎರಡನ್ನೂ ನಿನ್ನ ಆಪರೇಷನ್‌ಗೆ ಎಂದು ಚೀಲದಲ್ಲಿ ತಂದಿದ್ದೆ. ಬಟ್ಟೆಯ ಕೆಳಗೆ ಇತ್ತು. ದುಡ್ಡು ಹಾಗೇ ಇದೆ, ಸೀಟು ಬೇರೆಯವರಿಗೆ ಹೋಯಿತು. ಫೋನು ಮಾಡಿ ಕೇಳಿದೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಎಂದರು.

ಬೀಗದ ಮಾಮನ ಮೇಲೆ ನನಗೆ ಸಿಟ್ಟಿಲ್ಲ. ಇರುವುದು ಹೊಟ್ಟೆಕಿಚ್ಚು. ಚಿಕ್ಕಂದಿನಿಂದ ಮನೆಯಲ್ಲಿ ನಾವಿಬ್ಬರೇ. ಈಗ ಅಲ್ಲಿಗೆ ಬಂದರೆ ನಾನು ನೆಂಟಳಾಗುತ್ತೇನೇನೋ ಎನಿಸುತ್ತಿದೆ. ನೀನು ಕೇಳಿದ್ದಕ್ಕೆ ಇವತ್ತು ಉತ್ತರ ಇಲ್ಲ. ಹೌದು ಎಂದರೆ ಸುಳ್ಳಾಗುತ್ತದೆ, ಇಲ್ಲ ಎಂದರೂ ಸುಳ್ಳಾಗುತ್ತದೆ.

ದಾನಪತ್ರ ಇನ್ನೂ ಓದಿಲ್ಲ.

ಮಗಳು

ಮೇ 15

ಮಗಳೇ,

ಸೀಟಿನ ಸುದ್ದಿ ಓದಿ ಅಂಗಡಿ ಬೇಗ ಮುಚ್ಚಿದೆ. ನಿನ್ನ ಒಂದು ವರ್ಷವನ್ನು ನಾನು ನುಂಗಿದೆ. ಮುಂದಿನ ವರ್ಷದ ಫೀಸು ನಾನು ಕಟ್ಟುತ್ತೇನೆ ಎಂದರೆ ನೀನು ಜಗಳಕ್ಕೆ ಬರುತ್ತೀಯೆ, ಆದರೂ ಹೇಳಿಟ್ಟಿರುತ್ತೇನೆ. ದುಡ್ಡು ಕೊಡಬಹುದು, ಆ ವರ್ಷ ಕೊಡಲಾಗುವುದಿಲ್ಲ. ಅದೇ ಸಂಕಟ.

ಫೋನಿನಲ್ಲಿ ಹೇಳಬೇಕಾದದ್ದನ್ನು ಇಲ್ಲಿ ಹೇಳುತ್ತೇನೆ. ನೀನು ಕೇಳಲಿಲ್ಲ, ಆದರೂ. ಎರಡು ವರ್ಷದ ಹಿಂದೆ ಬೀಗದವರಿಗೆ ಕೀಲಿಯ ಹಲ್ಲು ಸರಿಯಾಗಿ ಕಾಣುತ್ತಿರಲಿಲ್ಲ. ಗಿರಾಕಿಗಳು ಕೀಲಿ ವಾಪಸು ತರತೊಡಗಿದ್ದರು. ಬಲವಂತವಾಗಿ ಕೂರಿಸಿ, ಕಣ್ಣು ಪರೀಕ್ಷೆ ಮಾಡಿ, ಕನ್ನಡಕ ಮಾಡಿಸಿಕೊಟ್ಟೆ. ಹಾಕಿಕೊಂಡು ಕನ್ನಡಿ ನೋಡಲಿಲ್ಲ, ಬೋರ್ಡೂ ನೋಡಲಿಲ್ಲ. ನನ್ನನ್ನು ನೋಡಿ ‘ಓ, ಹೀಗಿದೀರಾ’ ಎಂದರು. ಅಷ್ಟೇ. ಆ ದಿನ ಮನೆಗೆ ಬಂದು ನಾನೂ ಕನ್ನಡಿ ನೋಡಿಕೊಂಡೆ, ಹೇಗಿದ್ದೇನೆ ಎಂದು. ಬಹಳ ವರ್ಷವಾಗಿತ್ತು ಹಾಗೆ ನೋಡಿಕೊಂಡು.

ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಬುತ್ತಿ ಬಿಚ್ಚುತ್ತೇವೆ. ಅವರದು ಮಾತು ಕಡಿಮೆ. ನನಗೆ ಜ್ವರ ಬಂದಾಗ ನನ್ನ ಅಂಗಡಿಯನ್ನೂ ಅವರೇ ತೆರೆದು ಕೂತಿದ್ದರು, ಯಾರಿಗೋ ಓದುವ ಕನ್ನಡಕದ ಬದಲು ಬಿಸಿಲಿನ ಕನ್ನಡಕ ಮಾರಿದ್ದರು. ಇಷ್ಟೇ ನಮ್ಮ ಕಥೆ. ದೊಡ್ಡದೇನಲ್ಲ. ಆದರೆ ನನಗೆ ಅದು ಬೇಕು, ಮಗಳೇ. ಬೇಕು ಎಂದು ಬರೆಯಲು ಈಗ ನಾಚಿಕೆಯಾಗುತ್ತಿಲ್ಲ.

ನೀನು ಈ ಮನೆಗೆ ನೆಂಟಳಾಗುವ ಮಾತು ಎಲ್ಲಿ ಬಂತು, ಮನೆಯೇ ನಿನ್ನದು. ಅದಕ್ಕೇ ತಾನೆ ಬರೆದುಕೊಟ್ಟದ್ದು.

ಉತ್ತರಕ್ಕೆ ಅವಸರವಿಲ್ಲ. ಇನ್ನೊಂದು ದಿನ ಗೊತ್ತುಮಾಡೋಣವೇ ಎಂದು ಕಚೇರಿಯವರು ಕೇಳಿದ್ದಾರೆ, ತಿಳಿಸುತ್ತೇನೆ ಎಂದಿದ್ದೇನೆ.

ಅಮ್ಮ

ಮೇ 27

ಅಮ್ಮಾ,

ದಾನಪತ್ರ ಓದಿದೆ. ಎರಡು ಸಲ ಓದಿದೆ. ಅಂಗಡಿ ನನಗೆ, ಮನೆ ನನಗೆ. ವಿಮೆ, ಬ್ಯಾಂಕಿನದು ಮೊದಲೇ ನನಗೆ. ಇದರಲ್ಲೆಲ್ಲ ನೀನು ಎಲ್ಲಿದ್ದೀಯೆ ಎಂದು ಹುಡುಕಿದೆ, ಸಿಗಲಿಲ್ಲ. ಅಪ್ಪನ ಕಾಗದದಲ್ಲಿ ನಿನಗೆ ಜಾಗ ಇರಲಿಲ್ಲ ಎಂದು ಇಷ್ಟು ವರ್ಷ ನೊಂದುಕೊಂಡೆ. ಈಗ ನಿನ್ನದೇ ಕಾಗದದಲ್ಲೂ ನಿನಗೆ ಜಾಗ ಇಲ್ಲ. ಅಪ್ಪ ಮರೆತು ಮಾಡಿದರು, ನೀನು ಯೋಚಿಸಿ ಮಾಡಿದ್ದೀಯೆ. ನಾಳೆ ನನಗೆ ಬುದ್ಧಿ ಕೆಟ್ಟು ಮನೆ ಬಿಡು ಎಂದರೆ ಎಲ್ಲಿಗೆ ಹೋಗುತ್ತೀಯೆ? ಬೀಗದ ಮಾಮನ ಅಂಗಡಿಯ ಅಟ್ಟಕ್ಕಾ?

ಎಲ್ಲ ಭಾರವನ್ನೂ ಒಂದೇ ಹಗ್ಗಕ್ಕೆ ನೇತುಹಾಕಿದರೆ ನಾವು ಆ ಲಿಫ್ಟನ್ನು ಓಡಲು ಬಿಡುವುದಿಲ್ಲ. ಆದ್ದರಿಂದ ಇದಕ್ಕೆ ನಾನು ಸಹಿ ಹಾಕುವುದಿಲ್ಲ, ಹಾಗೇ ವಾಪಸು ಕಳಿಸುತ್ತಿದ್ದೇನೆ. ಮನೆ ನಿನ್ನ ಹೆಸರಿನಲ್ಲೇ ಇರಲಿ. ನೀನಿರುವವರೆಗೂ ನೀನೇ ಯಜಮಾನಿ. ನಂತರ ನನಗೆ ಎಂದು ಉಯಿಲು ಬರೆದಿಡು, ನನ್ನ ಹೊಟ್ಟೆಕಿಚ್ಚಿಗೆ ಅಷ್ಟು ಸಾಕು. ಒಂದು ವೇಳೆ ನೀನು ಮೊದಲು ಹೋದರೆ ಮಾಮ ತಮ್ಮ ಕಾಲ ಮುಗಿಯುವವರೆಗೆ ಅಲ್ಲೇ ಇರಬಹುದು ಎನ್ನುವುದನ್ನೂ ಅದರಲ್ಲಿ ಸೇರಿಸು. ಅವರನ್ನು ಹೊರಗೆ ಹಾಕಿ ದೊಡ್ಡಪ್ಪನ ಹಾಗೆ ಮಾತಾಡಲು ನನಗೆ ಬರುವುದಿಲ್ಲ. ಅವರ ಅಂಗಡಿ ಅವರದು, ನಿನ್ನದು ನಿನ್ನದು, ಮನೆಖರ್ಚಿಗೆ ಇಬ್ಬರೂ ಹಾಕಿ. ಬುತ್ತಿ ಹೇಗೂ ಒಟ್ಟಿಗೇ ಬಿಚ್ಚುತ್ತೀರಲ್ಲ.

ಆಪತ್ತಿನ ದುಡ್ಡನ್ನು ಮತ್ತೆ ಅದರ ಜಾಗದಲ್ಲಿಟ್ಟೆ. ಕೋರ್ಸಿನದ್ದನ್ನೂ ಮುಂದಿನ ವರ್ಷಕ್ಕೆ ಇಟ್ಟೆ. ಫೀಸು ನಾನೇ ಕಟ್ಟುತ್ತೇನೆ, ಈ ಜಗಳ ಇಲ್ಲಿಗೆ ಮುಗಿಯಿತು.

ಬೀಗದ ಮಾಮ ಇನ್ನು ನನಗೆ ಏನಾಗಬೇಕು ಎಂದು ಯೋಚಿಸಿದೆ. ಅಪ್ಪ ಎನ್ನಲು ಬಾಯಿ ಬರುವುದಿಲ್ಲ. ಬೀಗರು ಎನ್ನೋಣವೆಂದರೆ ನನಗಿನ್ನೂ ಮದುವೆಯಾಗಿಲ್ಲ. ಮಾಮನಾಗಿಯೇ ಇರಲಿ, ಅಭ್ಯಾಸವಾಗಿದೆ. ಆದರೆ ಆ ಫ್ಲಾಸ್ಕು ಅಲ್ಲೇ ಬಿಟ್ಟು ಬಂದಿದ್ದೇನೆ, ಅದಕ್ಕೆ ಬೇರೆ ಬೀಗ ಹಾಕಿಡಬೇಡಿ ಎಂದು ಹೇಳು, ನನಗೆ ಬೇಕು.

ದಿನ ಗೊತ್ತುಮಾಡಿ ತಿಳಿಸು. ರಜೆ ಕೇಳಿದ್ದೇನೆ. ಸಾಹೇಬರು ‘ಮತ್ತೆ ಅಮ್ಮನ ಆಪರೇಷನ್ನಾ?’ ಎಂದರು. ‘ಇಲ್ಲ ಸರ್, ಅಮ್ಮನ ಮದುವೆ’ ಎಂದೆ. ಅವರು ಅರ್ಜಿಯನ್ನು ಇನ್ನೊಮ್ಮೆ ಓದಿ ಸಹಿ ಹಾಕಿದರು. ಈ ಸಲ ಒಳ್ಳೆಯ ಬಟ್ಟೆ ತರುತ್ತೇನೆ.

ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ. ಹೋದ ಮೇಲೆ ಬರೆಯೋಣವೆಂದರೆ ನಾನೂ ಅಪ್ಪನ ಹಾಗೆ ನಾಳೆ ಎನ್ನುವವಳಾಗುತ್ತೇನೆ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಅಂದು ಹೆದರಿ ಬರೆದಿದ್ದೆ, ಇಂದು ಎಲ್ಲ ಗೊತ್ತಿದ್ದೇ ಬರೆಯುತ್ತಿದ್ದೇನೆ. ಆ ಹಳೆಯ ಕಾಗದ ಹರಿದುಹಾಕಿ ಇದನ್ನು ಇಟ್ಟುಕೋ.

ನೀನು ಬದುಕಬೇಕು, ಅಮ್ಮ.

ಗಿರಣಿ